ಆ 9900 ಎಂಎಎಚ್ ಸೆಲ್‌ಗಳನ್ನು ಚಾರ್ಜರ್‌ಗೆ ಹಾಕಬೇಡಿ

ನಿಮ್ಮ ಚಿತ್ರ ನೋಡಿದ ಕೂಡಲೇ ಬರೆಯಲು ಕುಳಿತೆ. ಹೊಸ ಕಾನ್ವಾಯ್ ಎಸ್2 ಪ್ಲಸ್ ಟಾರ್ಚ್, ಪಕ್ಕದಲ್ಲಿ 9900 ಎಂಎಎಚ್ (ಸೆಲ್ ಹಿಡಿದಿಡುವ ಚಾರ್ಜ್‌ನ ಅಳತೆ) ಎಂದು ಅಚ್ಚಾದ ನಾಲ್ಕು 18650 ಸೆಲ್‌ಗಳು, ಅಂದರೆ ಮತ್ತೆ ಮತ್ತೆ ಚಾರ್ಜ್ ಮಾಡುವ ಲಿಥಿಯಂ ಸೆಲ್‌ಗಳು, ನಾಲ್ಕಕ್ಕೂ ಸೇರಿ 600 ರೂಪಾಯಿ. ಒಂದು ಟಾರ್ಚ್‌ನಲ್ಲಿರುತ್ತದೆ, ಇನ್ನೊಂದನ್ನು ಬೀಗದ ಕೈ ಜೊತೆ ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ, ಸಾಕಲ್ಲವೇ ಎಂದು ಕೇಳಿದ್ದೀರಿ. ಸಾಲದು. ಟಾರ್ಚ್ ಒಳ್ಳೆಯದು, ಅದರ ಬಗ್ಗೆ ತಕರಾರಿಲ್ಲ. ಉಳಿದೆರಡೂ ನಾನೇ ಮಾಡಿದ ತಪ್ಪುಗಳು.

2022ರ ಸೆಪ್ಟೆಂಬರ್ ಮೊದಲ ವಾರದ ಬೆಂಗಳೂರಿನ ಮಳೆ ನೆನಪಿದೆಯಲ್ಲ, ಕಚೇರಿಗೆ ಹೋಗುವವರು ಟ್ರ್ಯಾಕ್ಟರ್ ಹತ್ತಿದ ಮಳೆ. ನಮ್ಮ ಅಪಾರ್ಟ್‌ಮೆಂಟ್‌ನ ನೆಲಮಾಳಿಗೆಗೂ ನೀರು ನುಗ್ಗಿತ್ತು. ಮುಖ್ಯ ಸ್ವಿಚ್ ಆರಿಸಿ, ಸ್ಕೂಟರ್‌ಗಳನ್ನು ಮೇಲಕ್ಕೆ ತಳ್ಳಲು ಐದಾರು ಜನ ಇಳಿದೆವು. ನೀರು ಮೊಣಕಾಲಿನವರೆಗೆ, ಬೆಳಕು ನನ್ನ ಟಾರ್ಚ್ ಒಂದೇ. ಹತ್ತು ನಿಮಿಷವೂ ಆಗಿರಲಿಲ್ಲ, ಬೆಳಕು ಸಣ್ಣದಾಯಿತು, ಎರಡು ಸಲ ಮಿನುಗಿತು, ಆರಿತು. ಕತ್ತಲಲ್ಲೇ ಬದಲಿ ಸೆಲ್ ಹಾಕಿದೆ. ಅದೂ ಅಷ್ಟೇ ಹೊತ್ತು. ನನ್ನ ಹಿಂದೆ ಸ್ಕೂಟರ್ ಹಿಡಿದು ನಿಂತಿದ್ದ, ಎಪ್ಪತ್ತು ದಾಟಿದ ನೆರೆಯವರು 'ಸಂಪಿನ ಮುಚ್ಚಳ ಎಲ್ಲಿದೆ, ಸಂಪಿನ ಮುಚ್ಚಳ ಎಲ್ಲಿದೆ' ಎಂದು ಕೂಗುತ್ತಿದ್ದರು. ನೀರಿನಡಿ ಅದು ತೆರೆದಿದೆಯೋ ಮುಚ್ಚಿದೆಯೋ ಯಾರಿಗೂ ಗೊತ್ತಿರಲಿಲ್ಲ. ಗೋಡೆ ತಡವಿಕೊಂಡು ಒಬ್ಬರ ಹಿಂದೆ ಒಬ್ಬರು ಹೊರಬಂದೆವು. ಆ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ನನ್ನವೂ ನಿಮ್ಮಂಥವೇ ಸೆಲ್‌ಗಳು. ಮರುದಿನ ಒಂದನ್ನು ಲೀಟೊಕಾಲಾ ಲೀ-500ಗೆ, ಅಂದರೆ ಸೆಲ್‌ನ ಸಾಮರ್ಥ್ಯ ಅಳೆಯುವ ಚಾರ್ಜರ್‌ಗೆ, ಹಾಕಿ ಅಳೆದೆ. ಆ '9900' ಸೆಲ್‌ನಲ್ಲಿ ಇದ್ದದ್ದು 870 ಎಂಎಎಚ್. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟರೆ 31 ಗ್ರಾಂ. ಅಸಲಿ 18650 ಒಂದು 45ರಿಂದ 50 ಗ್ರಾಂ ತೂಗುತ್ತದೆ. ಈ ಗಾತ್ರದಲ್ಲಿ ಸಾಮಾನ್ಯವಾಗಿ ಸಿಗುವ ಒಳ್ಳೆಯ ಸೆಲ್‌ಗಳಿಗೆ 3500 ಎಂಎಎಚ್ ಆಸುಪಾಸೇ ಎಲ್ಲೆ. ಇನ್ನೂ ಬೇಕೆಂದರೆ 21700 ಎಂಬ ದೊಡ್ಡ ಗಾತ್ರದ ಸೆಲ್‌ಗೆ ಹೋಗಬೇಕು, ಅಲ್ಲಿ 5000 ಸಿಗುತ್ತದೆ. 9900 ಎಂದು ಅಚ್ಚು ಹಾಕಿದವನು ಸುಳ್ಳು ಹೇಳಿದ್ದಾನೆ, ಅಷ್ಟೇ. ನಿಮ್ಮ ನಾಲ್ಕನ್ನೂ ಇವತ್ತೇ ತೂಕ ಮಾಡಿ ನೋಡಿ.

ಈಗ ಯಾವುದನ್ನು ಕೊಳ್ಳಬೇಕು ಎಂಬುದು. ನಿಮ್ಮ ಎಸ್2 ಪ್ಲಸ್‌ನಲ್ಲಿ ದೀಪಕ್ಕೆ ಹೋಗುವ ಕರೆಂಟನ್ನು ಮಿತಿಯಲ್ಲಿಡುವ 7135 ಚಿಪ್‌ಗಳು ಎಂಟು ಇದ್ದರೆ ಒಂದೊಂದಕ್ಕೆ 350 ಮಿಲಿಆಂಪ್‌ನಂತೆ ಒಟ್ಟು 2.8 ಆಂಪ್. (ಬೇರೆ ಡ್ರೈವರ್, ಅಂದರೆ ಬೇರೆ ಸರ್ಕ್ಯೂಟ್ ಇರುವವೂ ಬರುತ್ತವೆ, ಕೊಂಡ ಪುಟವನ್ನು ಇನ್ನೊಮ್ಮೆ ನೋಡಿಕೊಳ್ಳಿ.) ಅಷ್ಟಕ್ಕೆ ಸ್ಯಾಮ್‌ಸಂಗ್ 35ಇ ಅಥವಾ ಎಲ್‌ಜಿ ಎಂಜೆ1 ಸೆಲ್ ಧಾರಾಳ. ಎರಡೂ 3500 ಎಂಎಎಚ್, ಮೊದಲನೆಯದು 8 ಆಂಪ್, ಎರಡನೆಯದು 10 ಆಂಪ್ ಕೊಡುತ್ತದೆ. ನನ್ನ ಕೈ ಎಂಜೆ1 ಕಡೆಗೇ ಹೋಗುತ್ತದೆ, ಮೂರು ವರ್ಷದಿಂದ ಬಳಸುತ್ತಿದ್ದೇನೆ. ಕೆಲವರು ಎಲ್ಲರಿಗೂ ಸ್ಯಾಮ್‌ಸಂಗ್ 30ಕ್ಯೂ ಹೇಳುತ್ತಾರೆ. ಅದು 15 ಆಂಪ್ ಸೆಲ್, 3000 ಎಂಎಎಚ್. ಎಮಿಸಾರ್ ಡಿ4 ಥರದ, ಹೆಚ್ಚು ಕರೆಂಟ್ ಎಳೆಯುವ ಹಸಿದ ಟಾರ್ಚ್‌ಗೆ ಅದೇ ಬೇಕು, ನಿಮಗೆ ಬೇಡ. 500 ಎಂಎಎಚ್ ಸುಮ್ಮನೆ ಏಕೆ ಬಿಟ್ಟುಕೊಡುತ್ತೀರಿ?

ಆದರೆ ಒಂದು ತೊಡಕಿದೆ. ಸ್ಯಾಮ್‌ಸಂಗ್ ಆಗಲಿ ಎಲ್‌ಜಿ ಆಗಲಿ ಈ ಸೆಲ್‌ಗಳನ್ನು ಬಿಡಿಯಾಗಿ ಗ್ರಾಹಕರಿಗೆಂದು ಮಾರುವುದಿಲ್ಲ, ಬಿಡಿಯಾಗಿ ಬಳಸಬೇಡಿ ಎಂದೇ ಆ ಕಂಪನಿಗಳು ಹೇಳುತ್ತವೆ. ಅವು ಬ್ಯಾಟರಿ ಪ್ಯಾಕ್ ಕಟ್ಟುವವರಿಗೆ ಹೋಗುವ ಸರಕು. ಆದ್ದರಿಂದ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ 'ಕಂಪನಿ ಸೆಲ್' ಎಂದು ಕೈಗಿಟ್ಟದ್ದು ಹಳೆಯ ಲ್ಯಾಪ್‌ಟಾಪ್‌ನಿಂದ ಕಿತ್ತು, ಹೊಸ ಹೊದಿಕೆ ಹಾಕಿದ್ದೂ ಇರಬಹುದು. ನನಗೆ ಹಾಗೆ ಎರಡು ಸಿಕ್ಕಿದ್ದವು. ತುದಿಯ ನೆಗೆಟಿವ್ ತಗಡಿನ ಮೇಲೆ ವೆಲ್ಡ್ ಕಿತ್ತ ಎರಡು ಸಣ್ಣ ಚುಕ್ಕೆ, ಅದರ ಮೇಲೆ ಉಜ್ಜಿ ನಯಮಾಡಿದ ಗೀರು. ಕೊಳ್ಳುವ ಮುನ್ನ ಬೆಳಕಿಗೆ ಹಿಡಿದು ಅದನ್ನೇ ನೋಡಿ. ಇಷ್ಟೆಲ್ಲ ತಲೆನೋವು ಬೇಡ ಎನ್ನುವವರು ಫೀನಿಕ್ಸ್ ಅಥವಾ ನೈಟ್‌ಕೋರ್ ಹೆಸರಿನ ಪ್ರೊಟೆಕ್ಟೆಡ್ ಸೆಲ್, ಅಂದರೆ ಒಳಗೇ ರಕ್ಷಣಾ ಸರ್ಕ್ಯೂಟ್ ಇರುವ ಸೆಲ್, ಕೊಳ್ಳಲಿ. ಹಣ ಹೆಚ್ಚು, ನಿದ್ದೆ ನೆಮ್ಮದಿಯದು. ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದೂ ಇದನ್ನೇ. ಆದರೆ ಅವು 65 ಅಲ್ಲ, 69 ಮಿಲಿಮೀಟರ್‌ವರೆಗೂ ಉದ್ದ. ಎಸ್2 ಪ್ಲಸ್‌ನಲ್ಲಿ ಬಿಗಿಯಾಗಬಹುದು, ಒತ್ತಾಯದಿಂದ ತಿರುಗಿಸಬೇಡಿ.

ಹೊಸ ಸೆಲ್ ಬಂದ ದಿನ ನಾನು ಮಾಡುವುದು ಇದು. ಮಾರ್ಕರ್‌ನಿಂದ ಸಂಖ್ಯೆ ಮತ್ತು ತಿಂಗಳು ಬರೆಯುತ್ತೇನೆ, ತೂಕ ಹಾಕುತ್ತೇನೆ, 4.20 ವೋಲ್ಟ್‌ಗೆ ಚಾರ್ಜ್ ಮಾಡಿ ತೆಗೆದಿಡುತ್ತೇನೆ. ಮರುದಿನ ಒಮ್ಮೆ, ತಿಂಗಳಾದ ಮೇಲೆ ಒಮ್ಮೆ ಮಲ್ಟಿಮೀಟರ್ ಹಿಡಿಯುತ್ತೇನೆ. ತಿಂಗಳ ನಂತರವೂ 4.15ರ ಹತ್ತಿರ ನಿಂತರೆ ಅದು ಬಳಕೆಗೆ ಅರ್ಹ. ಸುಮ್ಮನಿದ್ದೂ 4.0ಕ್ಕಿಂತ ಕೆಳಗಿಳಿದರೆ ಒಳಗೆ ಚಾರ್ಜ್ ಸೋರುತ್ತಿದೆ ಎಂದರ್ಥ, ಎಷ್ಟು ಹಣ ಕೊಟ್ಟಿದ್ದರೂ ಇಟ್ಟುಕೊಳ್ಳುವುದಿಲ್ಲ. ಇದು ಹೊಸದಕ್ಕೆ ಒಮ್ಮೆ ಮಾತ್ರ. ದಿನಗಟ್ಟಲೆ ಮೂಲೆಯಲ್ಲಿಡುವ ಸೆಲ್ ಅನ್ನು ಪೂರ್ತಿ ತುಂಬಿಸಿ ಇಡಬಾರದು, 3.7ರ ಆಸುಪಾಸಿನಲ್ಲಿ ಬಿಡಿ. ಮರೆತು 2.5 ವೋಲ್ಟ್‌ಗಿಂತ ಕೆಳಗೆ ಹೋದದ್ದನ್ನು ಮತ್ತೆ ಎಬ್ಬಿಸಲು ಹೋಗಬೇಡಿ. ಒಳಗಿನ ತಾಮ್ರ ಕರಗಿ, ಮುಂದಿನ ಚಾರ್ಜ್‌ನಲ್ಲಿ ಒಳಗೇ ಶಾರ್ಟ್ ಆಗುವ ಅಪಾಯವಿದೆ.

ಜೇಬಿನ ವಿಷಯಕ್ಕೆ ಬರುತ್ತೇನೆ. ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. 18650ರ ಇಡೀ ಮೈ ನೆಗೆಟಿವ್. ಪಾಸಿಟಿವ್ ಗುಂಡಿಗೂ ಅಂಚಿನ ತಗಡಿಗೂ ನಡುವೆ ಇರುವುದು ಒಂದೆರಡು ಮಿಲಿಮೀಟರ್ ಜಾಗ, ಒಂದು ತೆಳು ಉಂಗುರ ಮತ್ತು ಕಾಗದದಷ್ಟು ತೆಳುವಾದ ಹೊದಿಕೆ. ಹೊದಿಕೆ ಮೊದಲು ಹರಿಯುವುದೂ ಆ ಅಂಚಿನಲ್ಲೇ. ಅಲ್ಲಿಗೆ ನಿಮ್ಮ ಬೀಗದ ಕೈ ಅಡ್ಡ ಬಿದ್ದರೆ ಸಾಕು. ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ನಿಂತಿದ್ದಾಗ ನನ್ನ ತೊಡೆ ಇದ್ದಕ್ಕಿದ್ದಂತೆ ಸುಡತೊಡಗಿತು. ಜೇಬನ್ನು ಒಳಗಿಂದ ಹೊರಗೆಳೆದು ಎಲ್ಲವನ್ನೂ ನೆಲಕ್ಕೆ ಕೊಡವಿದೆ. ಕೀಲಿಯ ಹಲ್ಲಿನ ಮೇಲೆ ಕಪ್ಪು ಮಸಿ, ಸೆಲ್ ಮುಟ್ಟಲಾಗದಷ್ಟು ಬಿಸಿ. ತೊಡೆಯಲ್ಲಿ ಕಲೆ ಇನ್ನೂ ಇದೆ. ಅದೂ ನಕಲಿ ಸೆಲ್, ಅಸಲಿ ಆಗಿದ್ದರೆ ಇನ್ನೂ ಹೆಚ್ಚು ಕರೆಂಟ್ ಹರಿದು ಇನ್ನೂ ಕೆಟ್ಟದಾಗುತ್ತಿತ್ತು. ಎರಡು ಸೆಲ್ ಹಿಡಿಸುವ ಪ್ಲಾಸ್ಟಿಕ್ ಡಬ್ಬಿಗೆ ಒಂದು ಮಸಾಲೆ ದೋಸೆಯ ಬೆಲೆಯೂ ಇಲ್ಲ. ಟಾರ್ಚ್ ಜೊತೆಗೇ ತರಿಸಿ. ಹರಿದ ಹೊದಿಕೆಯ ಮೇಲೆ ಸೆಲೊಟೇಪ್ ಸುತ್ತುವುದೂ ಬೇಡ, ಬಿಸಿಗಾಳಿಗೆ ಕುಗ್ಗುವ ಪಿವಿಸಿ ಹೊದಿಕೆ ಸಿಗುತ್ತದೆ.

ಚಾರ್ಜರ್‌ಗೆ ಎಕ್ಸ್‌ಟಾರ್ ವಿಸಿ2 ಸಾಕು, 1 ಆಂಪ್ ಮೇಲೆ ಹೋಗಬೇಡಿ. ಸೆಲ್ ಜೊತೆ ಉಚಿತವಾಗಿ ಬರುವ ಗೋಡೆ ಚಾರ್ಜರ್‌ಗಳಲ್ಲಿ ಎಷ್ಟೋ 4.2ಕ್ಕೆ ನಿಲ್ಲುವುದೇ ಇಲ್ಲ. ರಾತ್ರಿ ಹಾಕಿ ಮಲಗುವ ಅಭ್ಯಾಸ ಬಿಡಿ. ಬಿಸಿಲಿನಲ್ಲಿ ನಿಂತ ಸ್ಕೂಟರ್ ಡಿಕ್ಕಿಯಲ್ಲೂ ಇಡಬೇಡಿ. ವಿಮಾನದಲ್ಲಿ ಬದಲಿ ಸೆಲ್ ಡಬ್ಬಿ ಸಮೇತ ಕೈಚೀಲದಲ್ಲಿರಬೇಕು, ಚೆಕ್-ಇನ್ ಸಾಮಾನಿನಲ್ಲಲ್ಲ.

ತಾಯಿಗೂ ಇಂಥದ್ದೇ ಒಂದು ಟಾರ್ಚ್ ಕೊಡಿಸುವೆ ಎಂದಿದ್ದೀರಿ. ಬೇಡ. ಅವರಿಗೆ ಎಎ ಸೆಲ್‌ನ ಟಾರ್ಚ್ ಮತ್ತು ಮತ್ತೆ ಚಾರ್ಜ್ ಮಾಡಬಹುದಾದ ಎಎ ಸೆಲ್ ಎನೆಲೂಪ್ ಕೊಡಿಸಿ. ತಿಂಗಳುಗಟ್ಟಲೆ ಇಟ್ಟರೂ ಚಾರ್ಜ್ ಉಳಿಯುತ್ತದೆ, ಕರೆಂಟ್ ಹೋದ ರಾತ್ರಿ ಅದು ಮುಗಿದರೆ ಎದುರಿನ ಕಿರಾಣಿ ಅಂಗಡಿಯ ಸೆಲ್ ಹಾಕಿಕೊಳ್ಳಬಹುದು. ಆ ಅಂಗಡಿ ಸೆಲ್‌ಗಳನ್ನು ಮಾತ್ರ ಒಳಗೇ ಮರೆಯಬೇಡಿ, ಸೋರಿ ಸ್ಪ್ರಿಂಗ್ ತಿಂದುಹಾಕುತ್ತವೆ.

ಆ ನಾಲ್ಕು ಸೆಲ್‌ಗಳನ್ನು ಮಾರಿದವರು ವಾಪಸ್ ತೆಗೆದುಕೊಂಡರೆ ಸರಿ. ಇಲ್ಲವಾದರೆ ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಅಂಟಿಸಿ ಇ-ತ್ಯಾಜ್ಯ ಸಂಗ್ರಹಿಸುವವರ ಕೈಗೇ ಕೊಡಿ. ಒಣ ಕಸದ ಚೀಲಕ್ಕೆ ಹಾಕಿದರೆ ಕಸದ ಲಾರಿಯಲ್ಲಿ ಜಜ್ಜಿ ಬೆಂಕಿ ಹೊತ್ತಿಕೊಳ್ಳಬಹುದು, ಆಗ ಅದರ ಪಕ್ಕದಲ್ಲಿ ನಿಂತಿರುವವರು ಪೌರಕಾರ್ಮಿಕರು.