ಉತ್ತರ: ಎರಡನೇ ಕೋವಿಡ್ ಡೋಸ್ ಇಲ್ಲ ಅಂತ ನರ್ಸ್ ಕೆಲಸಕ್ಕೆ ಸೇರಿಸಿಕೊಳ್ಳುತ್ತಿಲ್ಲ

ಎರಡನೇ ಡೋಸ್ ಆಗಿಲ್ಲ ಅಂತ ನಿಮ್ಮನ್ನು ಸೇರಿಸಿಕೊಳ್ಳದ ಆಸ್ಪತ್ರೆಯ ಎಚ್‌ಆರ್‌ನವರು (ನೇಮಕಾತಿ ವಿಭಾಗ) ಹಿಡಿದುಕೊಂಡಿರುವುದು ಬಹುಶಃ 2021ರ ಹಳೇ ಸುತ್ತೋಲೆ. ಜಾಯಿನಿಂಗ್ ಫಾರಂನಲ್ಲಿ ‘ಎರಡು ಡೋಸ್ ಸರ್ಟಿಫಿಕೇಟ್’ ಅನ್ನೋ ಸಾಲು ಎಷ್ಟೋ ಕಡೆ ಹಾಗೇ ಉಳಿದಿರುತ್ತದೆ.

ಮೊದಲು, ಯಾವ ಆದೇಶದ ಮೇಲೆ ಕೇಳುತ್ತಿದ್ದೀರಿ ಅಂತ ಇಮೇಲ್‌ನಲ್ಲೇ ಕೇಳಿ. ಬಾಯಿಮಾತು ಬೇಡ. ಮೊದಲ ಡೋಸ್‌ಗೆ ತೀವ್ರ ಅಲರ್ಜಿ ಆಗಿತ್ತು ಅಂದಿದ್ದೀರಲ್ಲ, ನಿಮ್ಮ ಕೈಲಿರುವ ಗಟ್ಟಿ ಆಧಾರ ಅದೇ. ಅಂಥವರಿಗೆ ಅದೇ ಲಸಿಕೆ ಮತ್ತೆ ಕೊಡಬಾರದು ಅಂತ ಸರ್ಕಾರದ ಮಾರ್ಗಸೂಚಿಯೇ ಹೇಳಿತ್ತು. ಆಗ ನೋಡಿದ ಡಾಕ್ಟರ ಚೀಟಿ, ಡಿಸ್ಚಾರ್ಜ್ ಸಮ್ಮರಿ ಹುಡುಕಿ ಲಗತ್ತಿಸಿ.

ಜೊತೆಗೆ, ಕೋವಿಡ್ ಲಸಿಕೆ ಕಡ್ಡಾಯ ಮಾಡಿದ್ದನ್ನು ಪ್ರಶ್ನಿಸಿದ್ದ ಜೇಕಬ್ ಪುಲಿಯೆಲ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪನ್ನೂ (2022ರ ಮೇ 2) ಇಡಿ. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಸೋಂಕು ಕಡಿಮೆ ಇರುವಾಗ ಲಸಿಕೆ ಪಡೆಯದವರ ಮೇಲಿನ ನಿರ್ಬಂಧ ಮರುಪರಿಶೀಲಿಸಿ ಅಂತ ಅದರಲ್ಲಿದೆ. ಖಾಸಗಿ ಸಂಸ್ಥೆಗಳಿಗೆ ಅದು ಸಲಹೆಯಷ್ಟೇ, ಹಾಗಾಗಿ ಒಪ್ಪೇ ಒಪ್ಪುತ್ತಾರೆ ಅಂತ ನಾನು ಖಾತ್ರಿ ಕೊಡಲಾರೆ.

ಒಂದು ವಿಷಯ, ಹೆಪಟೈಟಿಸ್ ಬಿ (ರಕ್ತದಿಂದ ಹರಡುವ ಲಿವರ್ ಸೋಂಕು) ಲಸಿಕೆಯನ್ನು ಕೋವಿಡ್ ಲಸಿಕೆ ಜೊತೆ ಸೇರಿಸಿ ಬೇಡ ಅನ್ನಬೇಡಿ. ಬಳಸಿದ ಸೂಜಿ ಚುಚ್ಚಿದರೆ ನಿಮ್ಮನ್ನು ಕಾಪಾಡುವುದು ಅದು. 2016ರ ಬಯೋಮೆಡಿಕಲ್ (ಆಸ್ಪತ್ರೆ) ತ್ಯಾಜ್ಯ ನಿಯಮದಂತೆ, ತ್ಯಾಜ್ಯ ಮುಟ್ಟುವ ಸಿಬ್ಬಂದಿಗೆ ಅದನ್ನು ಹಾಕಿಸುವ ಹೊಣೆ ಆಸ್ಪತ್ರೆಯದೇ. ಇನ್ನೂ ಆಗಿಲ್ಲದಿದ್ದರೆ ಅದೇ ಮೇಲ್‌ನಲ್ಲಿ ಕೇಳಿಬಿಡಿ.