ಸರ್ಕಾರದ ಜೊತೆ ಹಣದ ಜಗಳ ಶುರುವಾದಾಗ ಕಣ್ಣಿನ ಕ್ಲಿನಿಕ್ ನಡೆಸುವುದು ಹೇಗೆ?

ನೀವು ಕೇಳಿದ್ದು ಇಷ್ಟು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಒಬ್ಬರು ನಿವೃತ್ತರಾಗುತ್ತಿದ್ದಾರೆ, ಅವರ ಆಪ್ಟೋಮೆಟ್ರಿ, ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ, ಕ್ಲಿನಿಕ್ ಕೊಳ್ಳುವ ಯೋಚನೆ ಇದೆ. ಆದರೆ 2021ರಲ್ಲಿ ಆದ ಹಾಗೆ ಸರ್ಕಾರಿ ವಿಮೆಯ (ಓಹಿಪ್) ರೋಗಿಗಳನ್ನು ನೋಡುವುದೇ ಮತ್ತೆ ನಿಂತುಹೋದರೆ ಏನು ಗತಿ, ಆಗ ಇದ್ದವರು ಹೇಗೆ ನಿಭಾಯಿಸಿದರು? ನಾನು ಆಗ ಇದ್ದವನು. ಎರಡು ಪರೀಕ್ಷಾ ಕೋಣೆಯ ಸಣ್ಣ ಕ್ಲಿನಿಕ್. ಉಳಿಯಿತು. ಚೆನ್ನಾಗಿ ನಿಭಾಯಿಸಿದೆ ಅಂತ ಮಾತ್ರ ಹೇಳಲಾರೆ, ಅರ್ಧದಷ್ಟು ತಪ್ಪು ಮಾಡಿ ಕಲಿತದ್ದು.

ವಿಷಯ ಗೊತ್ತಿಲ್ಲದೆ ಓದುತ್ತಿರುವವರಿಗೆ ಸ್ವಲ್ಪ ಹಿನ್ನೆಲೆ. ಓಹಿಪ್ ಅಂದರೆ ಒಂಟಾರಿಯೊದ ಸರ್ಕಾರಿ ಆರೋಗ್ಯ ವಿಮೆ. 20ರಿಂದ 64 ವರ್ಷದವರ ಮಾಮೂಲಿ ಕಣ್ಣಿನ ಪರೀಕ್ಷೆಯನ್ನು 2004ರ ನವೆಂಬರ್‌ನಲ್ಲಿ ಅದರಿಂದ ಕೈಬಿಟ್ಟರು. ಉಳಿದುಕೊಂಡವರು 19 ವರ್ಷದವರೆಗಿನ ಮಕ್ಕಳು, 65 ತುಂಬಿದವರು, ಮತ್ತು ನಡುವಿನ ವಯಸ್ಸಿನವರಲ್ಲಿ ಸಕ್ಕರೆ ಕಾಯಿಲೆ, ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಥರದ ಕೆಲವು ತೊಂದರೆ ಇರುವವರು. ಇವರ ಪರೀಕ್ಷೆಗೆ ಸರ್ಕಾರ ಕೊಡುತ್ತಿದ್ದದ್ದು 1989ರಲ್ಲಿ 39.15 ಡಾಲರ್, 2021ರಲ್ಲಿ ಸರಾಸರಿ 44.65 ಡಾಲರ್. ಮೂವತ್ತೆರಡು ವರ್ಷಕ್ಕೆ ಐದೂವರೆ ಡಾಲರ್ ಏರಿಕೆ! ಪ್ರತಿ ಪರೀಕ್ಷೆಗೂ ನಾವೇ ಕೈಯಿಂದ ಹಾಕುತ್ತಿದ್ದೇವೆ ಅನ್ನುವುದು ಆಪ್ಟೋಮೆಟ್ರಿಸ್ಟರ ಸಂಘದ ವಾದ. ಸರ್ಕಾರ ಒಂದೇ ಸಲಕ್ಕೆ 3.9 ಕೋಟಿ ಡಾಲರ್ ಮತ್ತು ದರದಲ್ಲಿ 8.48 ಪರ್ಸೆಂಟ್ ಏರಿಕೆ ಕೊಡುತ್ತೇವೆ ಅಂದಿತು. ಸಂಘ ಸಾಲದು ಅಂದಿತು. 2021ರ ಸೆಪ್ಟೆಂಬರ್ 1ರಿಂದ ಆಪ್ಟೋಮೆಟ್ರಿಸ್ಟರು ಓಹಿಪ್ ಪರೀಕ್ಷೆಗಳನ್ನು ನಿಲ್ಲಿಸಿದರು, ಮತ್ತೆ ಶುರುವಾದದ್ದು ನವೆಂಬರ್ 23ಕ್ಕೆ. ಹತ್ತಿರ ಹತ್ತಿರ ಹನ್ನೆರಡು ವಾರ.

ಜನ ಇದನ್ನು ಮುಷ್ಕರ ಅಂತ ಕರೆದರು. ಬಾಗಿಲು ಹಾಕಿದ್ದರೆ ಹಾಗೆ ಕರೆಯಬಹುದಿತ್ತೇನೋ. ನಮ್ಮದು ತೆರೆದೇ ಇತ್ತು, ಕಷ್ಟ ಇದ್ದದ್ದೇ ಅಲ್ಲಿ.

ಒಂದು ದಿನದ ಕಥೆ ಹೇಳುತ್ತೇನೆ. ನಲವತ್ತು ದಾಟಿದ ಒಬ್ಬ ಹೆಂಗಸು ಪರೀಕ್ಷೆಗೆ ಬಂದರು, ಜೊತೆಗೆ ಅವರ ಅಮ್ಮ, ಎಪ್ಪತ್ತು ಕಳೆದವರು. ಮಗಳನ್ನು ನೋಡಿದೆ, ದುಡ್ಡು ತೆಗೆದುಕೊಂಡೆ. ಅಮ್ಮ ಹೊರಗೆ ಕುರ್ಚಿಯಲ್ಲಿ ಕೂತಿದ್ದರು. ಮಗಳು ಹೋಗುವಾಗ, 'ಡಾಕ್ಟ್ರೇ, ಅಮ್ಮನಿಗೂ ನಾನೇ ಕೊಡ್ತೀನಿ, ನೋಡಿಬಿಡಿ' ಅಂದರು. ಆಗಲ್ಲ ಅಂದೆ. ವಿಮೆಯಲ್ಲಿ ಇರುವ ಸೇವೆಗೆ ರೋಗಿಯಿಂದ ಹಣ ತೆಗೆದುಕೊಳ್ಳುವುದು ಇಲ್ಲಿ ಕಾನೂನಿಗೆ ವಿರುದ್ಧ. ಅವರು ಖುಷಿಯಿಂದ ಕೊಟ್ಟರೂ ಅಷ್ಟೇ. ಆ ಹೆಂಗಸಿಗೆ ಇದು ಅರ್ಥವಾಗಲಿಲ್ಲ, ಯಾಕೆ ಆಗಬೇಕು ಹೇಳಿ? ದುಡ್ಡು ಕೊಡುವವರಿದ್ದಾರೆ, ನೋಡುವವನು ಇದ್ದಾನೆ, ಯಂತ್ರ ಖಾಲಿ ಇದೆ, ಆದರೂ ಅಮ್ಮನ ಕಣ್ಣು ನೋಡುವ ಹಾಗಿಲ್ಲ. ಅಮ್ಮ ಏನೂ ಅನ್ನಲಿಲ್ಲ, ಸುಮ್ನೆ ಎದ್ದು ಕೋಟು ಹಾಕಿಕೊಂಡರು. ಬೈದಿದ್ದರೆ ವಾಸಿ ಇತ್ತು.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹಣದಿಂದ ಶುರುವಾಗುವುದಿಲ್ಲ, ಫೋನಿನಿಂದ ಶುರುವಾಗುತ್ತದೆ. ಜಗಳ ನಡೆಯುವುದು ಸಂಘ ಮತ್ತು ಸರ್ಕಾರದ ನಡುವೆ, ಆದರೆ ಇಲ್ಲ ಅಂತ ಹೇಳಬೇಕಾದವರು ನಿಮ್ಮ ರಿಸೆಪ್ಷನ್‌ನಲ್ಲಿ ಕೂತ ಹುಡುಗಿ. ದಿನಕ್ಕೆ ನಲವತ್ತು ಸಲ. ನಮ್ಮಲ್ಲಿ ಹೊಸದಾಗಿ ಸೇರಿದ್ದವಳು ಮೊದಲ ವಾರದಲ್ಲೇ ಅತ್ತಳು. ತಪ್ಪು ನನ್ನದೇ, ಏನು ಹೇಳಬೇಕು ಅಂತ ಹೇಳಿಕೊಟ್ಟಿರಲಿಲ್ಲ. ಅವಳು ಮೊದಲು ವಯಸ್ಸು ಕೇಳುತ್ತಿದ್ದಳು, 68 ಅಂದ ಕೂಡಲೇ ಸದ್ಯಕ್ಕೆ ಆಗಲ್ಲ ಅನ್ನುತ್ತಿದ್ದಳು. ಒಂದು ಸಂಜೆ ಅವಳ ಚೀಟಿಗಳನ್ನು ತಿರುವಿ ಹಾಕುತ್ತಿದ್ದಾಗ ಒಂದರಲ್ಲಿ ಹೀಗೆ ಬರೆದಿತ್ತು: 'ಕಣ್ಣ ಮುಂದೆ ಮಿಂಚು, ಎರಡು ದಿನದಿಂದ. ಕಾಯಲು ಹೇಳಿದೆ.' ನನ್ನ ಎದೆ ಧಸಕ್ ಅಂದಿತು. ಏಕಾಏಕಿ ಮಿಂಚು, ಕಪ್ಪು ಚುಕ್ಕೆಗಳ ಸುರಿಮಳೆ, ಒಂದು ಬದಿಯಿಂದ ಪರದೆ ಎಳೆದ ಹಾಗೆ ಕತ್ತಲೆ, ಇವು ಕಣ್ಣಿನ ಹಿಂಬದಿಯ ಪದರ, ಅಂದರೆ ರೆಟಿನಾ, ಹರಿದಿರುವ ಅಥವಾ ಬಿಟ್ಟುಕೊಳ್ಳುತ್ತಿರುವ ಲಕ್ಷಣ ಇರಬಹುದು, ಅದಕ್ಕೆ ವಾರಗಳಲ್ಲ, ಗಂಟೆಗಳ ಲೆಕ್ಕ. ಆಗಲೇ ಅವರಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ಅವರು ಅಷ್ಟರಲ್ಲಿ ಆಸ್ಪತ್ರೆಗೆ ಹೋಗಿದ್ದರು.

ಮರುದಿನವೇ ಫೋನಿನ ಪಕ್ಕ ಒಂದು ಹಾಳೆ ಅಂಟಿಸಿದೆವು. ಮೊದಲ ಪ್ರಶ್ನೆ 'ಕಣ್ಣಿಗೆ ಏನಾಗಿದೆ, ಯಾವಾಗಿನಿಂದ?' ವಯಸ್ಸು, ಕಾರ್ಡು ಎಲ್ಲ ಆಮೇಲೆ. ಮಿಂಚು, ಪರದೆ, ದಿಢೀರ್ ದೃಷ್ಟಿ ಹೋಗುವುದು, ನೋವಿನ ಜೊತೆ ಕೆಂಪು ಕಣ್ಣು ಮತ್ತು ವಾಂತಿ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ನೋವು, ಕಣ್ಣಿಗೆ ರಾಸಾಯನಿಕ ಬಿದ್ದದ್ದು, ಇವುಗಳಲ್ಲಿ ಒಂದಿದ್ದರೂ ಫೋನ್ ನನ್ನ ಕೈಗೆ ಬರಬೇಕು, ನಾನು ಕೋಣೆಯಲ್ಲಿ ಯಾರನ್ನೇ ನೋಡುತ್ತಿರಲಿ. ರಾಸಾಯನಿಕ ಬಿದ್ದಿದ್ದರೆ ಮೊದಲು ನೀರಿನಲ್ಲಿ ತೊಳೆಯುತ್ತಾ ಇರಿ ಅಂತ ಅವಳೇ ಹೇಳಬೇಕು, ನನಗೂ ಕಾಯಬಾರದು. ಎಲ್ಲಿಗೆ ಕಳಿಸಬೇಕು ಅನ್ನುವುದನ್ನೂ ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಕಣ್ಣಿನ ಸರ್ಜನ್‌ಗಳು ಈ ಜಗಳದಲ್ಲಿ ಇರಲಿಲ್ಲ, ಅವರು ವೈದ್ಯರು, ಅವರ ಲೆಕ್ಕ ಬೇರೆ. ಆದರೆ ನೀವು ಕಳಿಸುವ ರೋಗಿಯನ್ನು ಅವತ್ತೇ ನೋಡುತ್ತಾರಾ ಅಂತ ಜಗಳ ಶುರುವಾಗುವ ಮೊದಲೇ ಕೇಳಿಕೊಳ್ಳಿ. ಎಮರ್ಜೆನ್ಸಿಗೆ ಹೋಗಿ ಅಂತ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅಲ್ಲಿ ಪಾಪೆ ಹಿಗ್ಗಿಸಿ ರೆಟಿನಾದ ಅಂಚಿನವರೆಗೆ ನೋಡಬಲ್ಲವರು ಆ ಹೊತ್ತಿಗೆ ಇದ್ದೇ ಇರುತ್ತಾರೆ ಅಂತಿಲ್ಲ.

ಇನ್ನು ಪಟ್ಟಿ. ನಾನು ಸರಿಯಾಗಿ ಮಾಡಿದ ಕೆಲಸ ಅಂದರೆ ಇದೊಂದೇ ಇರಬೇಕು. ಆಗಸ್ಟ್‌ನಲ್ಲೇ ರೆಕಾರ್ಡ್ ತೆಗೆದು ಕಾಯಲಾಗದವರ ಪಟ್ಟಿ ಮಾಡಿದೆವು. ಸಕ್ಕರೆ ಕಾಯಿಲೆಯಿಂದ ರೆಟಿನಾದಲ್ಲಿ ಆಗಲೇ ರಕ್ತದ ಚುಕ್ಕೆ ಕಂಡವರು, ಗ್ಲಾಕೋಮಾ ಹನಿ ಹಾಕಿಯೂ ಕಣ್ಣಿನ ಒತ್ತಡ ಏರುತ್ತಿರುವವರು, ಒಂದು ಕಣ್ಣು ಮಂದವಾಗಿ (ಸೋಮಾರಿ ಕಣ್ಣು) ಅದನ್ನು ಸರಿಮಾಡಲು ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಿರುವ ಮಕ್ಕಳು. ಮಕ್ಕಳ ವಿಷಯ ಜನಕ್ಕೆ ಬೇಗ ಹೊಳೆಯುವುದಿಲ್ಲ. ಐದು ವರ್ಷದ ಮಗುವಿಗೆ ಮೂರು ತಿಂಗಳು ಸಣ್ಣ ಅವಧಿ ಅಲ್ಲ, ಆ ಚಿಕಿತ್ಸೆ ಚಿಕ್ಕ ವಯಸ್ಸಿನಲ್ಲೇ ಚೆನ್ನಾಗಿ ಹತ್ತುವುದು. ಇವರಲ್ಲಿ ಆದಷ್ಟು ಜನರನ್ನು ಆಗಸ್ಟ್‌ನ ಸಂಜೆಗಳಲ್ಲಿ, ಶನಿವಾರಗಳಲ್ಲಿ ನೋಡಿ ಮುಗಿಸಿದೆ. ಉಳಿದವರ ಹೆಸರು, ಕೊನೆಯ ಪರೀಕ್ಷೆಯ ದಿನ, ಯಾಕೆ ಕಾಯಲಾಗದು ಅನ್ನುವ ಒಂದು ಸಾಲು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಪ್ರತಿ ಶುಕ್ರವಾರ ಫೋನ್ ಮಾಡುತ್ತಿದ್ದೆವು. ಹೇಗಿದ್ದೀರಿ, ಹನಿ ಹಾಕ್ತಿದ್ದೀರಾ, ಬದಲಾವಣೆ ಏನಾದರೂ ಇದೆಯಾ, ಅಷ್ಟೇ. ಮೂರು ನಿಮಿಷದ ಮಾತು. ನವೆಂಬರ್‌ನಲ್ಲಿ ಮತ್ತೆ ಶುರುವಾದಾಗ ಫೋನ್ ಮೊದಲು ಮಾಡಿದವರಿಗೆ ಮೊದಲ ಜಾಗ ಅಂತ ಕೊಡಲಿಲ್ಲ, ಈ ನೋಟ್‌ಬುಕ್ಕಿನ ಪ್ರಕಾರ ಕರೆದೆವು. ಜೋರು ಮಾಡಿದವರು ಬೈದುಕೊಂಡರು. ಬೈದುಕೊಳ್ಳಲಿ.

ಈ ಪಾಠ ಕಲಿತದ್ದು 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ತುರ್ತಲ್ಲದ್ದನ್ನೆಲ್ಲ ನಿಲ್ಲಿಸಿ ಅಂತ ಆದೇಶ ಬಂದಾಗ. ಆಗ ಪಟ್ಟಿ ಇರಲಿಲ್ಲ, ಒದ್ದಾಡಿದ್ದೆವು.

ತಪ್ಪುಗಳನ್ನೂ ಹೇಳುತ್ತೇನೆ. ಮೊದಲನೆಯದು, ಎರಡು ವಾರದಲ್ಲಿ ಮುಗಿಯುತ್ತೆ ಬಿಡಿ ಅಂತ ಎಲ್ಲರಿಗೂ ಹೇಳಿಬಿಟ್ಟೆ. ನನಗೆ ಯಾರು ಹೇಳಿದ್ದರು? ಯಾರೂ ಇಲ್ಲ, ಬಾಯಿಗೆ ಬಂತು. ಮೂರನೇ ವಾರದಿಂದ ನನ್ನ ಯಾವ ಮಾತನ್ನೂ ಜನ ನಂಬಲಿಲ್ಲ. ದಿನಾಂಕ ಹೇಳಬೇಡಿ, 'ನಾವೇ ಫೋನ್ ಮಾಡ್ತೀವಿ' ಅನ್ನಿ, ಮತ್ತೆ ನಿಜವಾಗಿ ಮಾಡಿ. ಎರಡನೆಯದು ದೊಡ್ಡದು. ಖರ್ಚು ಉಳಿಸಲು ಟೆಕ್ನೀಷಿಯನ್‌ಳ ದಿನಗಳನ್ನು ಅರ್ಧಕ್ಕೆ ಇಳಿಸಿದೆ. ಕಣ್ಣಿನ ಸ್ಕ್ಯಾನ್, ದೃಷ್ಟಿ ವ್ಯಾಪ್ತಿಯ ಪರೀಕ್ಷೆ ಎಲ್ಲ ಅವಳ ಕೈಯಲ್ಲಿತ್ತು. ಅವಳಿಗೂ ಮನೆ ಬಾಡಿಗೆ ಇದೆ ಅಲ್ವಾ, ಅಕ್ಟೋಬರ್‌ನಲ್ಲಿ ಬೇರೆ ಕೆಲಸ ಹಿಡಿದಳು. ಸೇವೆ ಶುರುವಾದಾಗ ರೋಗಿಗಳು ಸಾಲುಗಟ್ಟಿದ್ದರು, ನನ್ನ ಎರಡನೇ ಕೋಣೆ ಖಾಲಿ. ಅವಳಿಗೆ ಕೊಡದೆ ಉಳಿಸಿದ ಹಣದ ಎಷ್ಟೋ ಪಟ್ಟು ಆಮೇಲೆ ಕಳೆದುಕೊಂಡೆ. ಹೊಸಬರಿಗೆ ಕಲಿಸಲು ಹೋದ ಸಮಯ ಬೇರೆ.

ಹಣದ ವಿಷಯ ಈಗ. ನಿಮಗೆ ಒಂದು ಪರೀಕ್ಷೆಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ ಅಂತ ಮೊದಲು ಲೆಕ್ಕ ಹಾಕಿ. ಬಾಡಿಗೆ, ಸಂಬಳ, ಯಂತ್ರಗಳ ಕಂತು, ವಿಮೆ, ಸಾಫ್ಟ್‌ವೇರ್ ಎಲ್ಲ ಕೂಡಿಸಿ, ತಿಂಗಳಿಗೆ ನೀವು ರೋಗಿ ನೋಡುವ ಗಂಟೆಗಳಿಂದ ಭಾಗಿಸಿ, ಆಮೇಲೆ ಒಂದು ಪರೀಕ್ಷೆ ಹಿಡಿಯುವ ಸಮಯದಿಂದ ಗುಣಿಸಿ. ನಾನು ಈ ಲೆಕ್ಕ ಮಾಡಿದ್ದು ಕ್ಲಿನಿಕ್ ತೆರೆದು ಆರು ವರ್ಷದ ಮೇಲೆ, ನಾಚಿಕೆಯ ವಿಷಯ. ಅಲ್ಲಿಯವರೆಗೆ ಕನ್ನಡಕದ ಮಾರಾಟ ಪರೀಕ್ಷೆಯ ನಷ್ಟವನ್ನು ಮುಚ್ಚುತ್ತಿತ್ತು, ನನಗೆ ಕಾಣುತ್ತಲೇ ಇರಲಿಲ್ಲ. ಈಗ ಜನ ನಿಮ್ಮಲ್ಲಿ ಪರೀಕ್ಷೆ ಮಾಡಿಸಿ ಆನ್‌ಲೈನ್‌ನಲ್ಲಿ ಕನ್ನಡಕ ತರಿಸುತ್ತಾರೆ. ಅದು ಅವರ ಹಕ್ಕು, ಕನ್ನಡಕದ ನಂಬರಿನ ಚೀಟಿ ಕೊಡಲೇಬೇಕು, ಮುಖ ಗಂಟಿಕ್ಕಬೇಡಿ. ಆದರೆ ಕನ್ನಡಕ ಕಾಪಾಡುತ್ತದೆ ಅಂತ ನಂಬಿ ಕ್ಲಿನಿಕ್ ಕೊಳ್ಳಬೇಡಿ.

ಇನ್ನೊಂದು ಲೆಕ್ಕ, ಒಟ್ಟು ಪರೀಕ್ಷೆಗಳಲ್ಲಿ ಓಹಿಪ್‌ನವು ಎಷ್ಟು ಪಾಲು. ಅರ್ಧಕ್ಕಿಂತ ಜಾಸ್ತಿ ಇದ್ದರೆ ಮೂರು ತಿಂಗಳ ಕಾಯಂ ಖರ್ಚಿನಷ್ಟು ಹಣ ಪಕ್ಕಕ್ಕೆ ಇರಲೇಬೇಕು. ಹಾಗಂತ ಮುದುಕರನ್ನು ಕಡಿಮೆ ಮಾಡಿಕೊಳ್ಳಿ ಅಂತ ಸಲಹೆ ಕೊಡುವವರು ಸಿಗುತ್ತಾರೆ, ನನಗೂ ಸಿಕ್ಕಿದ್ದರು. ಗ್ಲಾಕೋಮಾ, ಪೊರೆ, ಮ್ಯಾಕ್ಯುಲಾ (ರೆಟಿನಾದ ನಡುಭಾಗ) ಸವೆತ ಎಲ್ಲ ಕಾಣಿಸುವುದು ಆ ವಯಸ್ಸಿನಲ್ಲೇ. ಅವರನ್ನು ಬಿಟ್ಟು ಬರೀ ಇಪ್ಪತ್ತೈದರವರಿಗೆ ನಂಬರ್ ಬರೆದುಕೊಂಡು ಕೂರುವುದಾದರೆ ಇಷ್ಟೆಲ್ಲ ಓದಬೇಕಾಗಿರಲಿಲ್ಲ. ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಥರದ ಸಾಲದ ಮಿತಿಯನ್ನು ಬೇಡದ ಕಾಲದಲ್ಲೇ ಮಾಡಿಸಿಟ್ಟುಕೊಳ್ಳಿ. ಬೇಕಾದಾಗ ಹೋದರೆ ಬ್ಯಾಂಕಿನವರ ಮುಖವೇ ಬೇರೆ. ಯಂತ್ರದ ಕಂತಿನವರಿಗೆ ಎರಡು ತಿಂಗಳು ಮುಂದೆ ಹಾಕಿ ಅಂತ ಕೇಳಿದೆ, ಒಬ್ಬರು ಒಪ್ಪಿದರು, ಇನ್ನೊಬ್ಬರು ಇಮೇಲ್‌ಗೆ ಉತ್ತರವನ್ನೂ ಕೊಡಲಿಲ್ಲ.

ಹಣ ಬಿಟ್ಟು ಬೇರೆ ಥರದ ಅಡಚಣೆಯೂ ಬರುತ್ತದೆ. 2022ರ ಜುಲೈ 8ರಂದು ಕೆನಡಾದ ದೊಡ್ಡ ಭಾಗದಲ್ಲಿ ಇಂಟರ್ನೆಟ್ ಮತ್ತು ಫೋನ್ ಕೈಕೊಟ್ಟಾಗ ಡೆಬಿಟ್ ಕಾರ್ಡ್ ನಡೆಯಲಿಲ್ಲ, ನಮ್ಮ ರೆಕಾರ್ಡ್‌ಗಳೂ ತೆರೆಯಲಿಲ್ಲ. ಅವತ್ತು ಯಾರು ಬರುತ್ತಾರೆ ಅನ್ನುವುದೇ ಗೊತ್ತಿರಲಿಲ್ಲ. ಅಂದಿನಿಂದ ಪ್ರತಿ ಸಂಜೆ ಮರುದಿನದ ಪಟ್ಟಿಯ ಪ್ರಿಂಟ್ ತೆಗೆದು, ಬೀಗ ಇರುವ ಡ್ರಾಯರ್‌ನಲ್ಲಿ ಇಟ್ಟು ಹೋಗುತ್ತೇವೆ.

ಮತ್ತೆ ಒಪ್ಪಂದ ಆದರೂ ತಲೆನೋವು ಮುಗಿಯುವುದಿಲ್ಲ, ಬೇರೆ ರೂಪದಲ್ಲಿ ಬರುತ್ತದೆ. 2023ರ ಸೆಪ್ಟೆಂಬರ್‌ನಿಂದ ಬೇರೆ ತೊಂದರೆ ಇಲ್ಲದ 65 ದಾಟಿದವರಿಗೆ ವರ್ಷಕ್ಕೊಮ್ಮೆ ಇದ್ದ ಪೂರ್ತಿ ಪರೀಕ್ಷೆ 18 ತಿಂಗಳಿಗೊಮ್ಮೆ ಆಯಿತು. ನಮ್ಮ ಕಂಪ್ಯೂಟರ್ ಇನ್ನೂ 12 ತಿಂಗಳಿಗೇ ಜ್ಞಾಪನೆ ಕಳಿಸುತ್ತಿತ್ತು, ಒಂದಷ್ಟು ಬಿಲ್ ವಾಪಸ್ ಬಂದ ಮೇಲೆ ನನಗೆ ಎಚ್ಚರವಾಯಿತು. ಯಾರಿಗೆ ಇನ್ನೂ ವರ್ಷಕ್ಕೊಮ್ಮೆ ಇದೆ, ಯಾರಿಗಿಲ್ಲ ಅಂತ ಒಂದೊಂದೇ ಫೈಲ್ ತೆಗೆದು ಸರಿಮಾಡಲು ಎರಡು ಭಾನುವಾರ ಹೋಯಿತು. ಬೇರೆ ಕಡೆ ಇತ್ತೀಚೆಗೆ ಪರೀಕ್ಷೆ ಆಗಿದೆಯಾ ಅಂತ ಫೋನಿನಲ್ಲೇ ಕೇಳುವ ಅಭ್ಯಾಸ ಮಾಡಿಸಿ.

ರೋಗಿಗಳ ಮುಂದೆ ಸರ್ಕಾರವನ್ನು ಬೈಯಬೇಕಾ ಅಂತಲೂ ಕೇಳಿದ್ದೀರಿ. ನಾನು ಮೊದಲು ಬೈದೆ, ಆಮೇಲೆ ಬಿಟ್ಟೆ. ಕಣ್ಣು ಮಂಜಾಗಿರುವವರಿಗೆ 39.15, 44.65 ಎಲ್ಲ ಬೇಡ. ಅವರೇ ಕೇಳಿದರೆ ಎರಡು ಸಾಲಿನಲ್ಲಿ ಹೇಳಿ, ಅವರ ಶಾಸಕರಿಗೆ ಬರೆಯಲು ಇಷ್ಟವಿದ್ದರೆ ವಿಳಾಸ ಕೊಡಿ, ಮುಗೀತು. ಜಗಳ ಆಡಲು ಸಂಘ ಇದೆ, ಅದಕ್ಕೆ ಚಂದಾ ಕೊಡುತ್ತೇವೆ. ಆದರೆ ನಿಮ್ಮ ಪರವಾನಗಿ ಇರುವುದು ಸಂಘದ ಕೈಯಲ್ಲಲ್ಲ, ಕಾಲೇಜ್ ಅಂತ ಕರೆಯುವ ನಿಯಂತ್ರಣ ಸಂಸ್ಥೆಯ ಕೈಯಲ್ಲಿ. ಅದರ ಕೆಲಸ ರೋಗಿಯನ್ನು ಕಾಪಾಡುವುದು, ನಿಮ್ಮನ್ನಲ್ಲ. ಅದಕ್ಕೇ ಯಾರಿಗೆ ಏನು ಹೇಳಿದಿರಿ, ಎಲ್ಲಿಗೆ ಕಳಿಸಿದಿರಿ ಅನ್ನುವುದನ್ನು ಆಯಾ ದಿನವೇ ಫೈಲ್‌ನಲ್ಲಿ ಬರೆಯಿರಿ.

ಕೊಳ್ಳಬೇಕೋ ಬೇಡವೋ ಅಂತ ನಾನು ಹೇಳಲಾರೆ, ನಿಮ್ಮ ಸಾಲ ಎಷ್ಟು, ಮನೆಯಲ್ಲಿ ಇನ್ನೊಂದು ಸಂಬಳ ಇದೆಯಾ ಅದೆಲ್ಲ ನೀವು ಬರೆದಿಲ್ಲ. ಒಂದು ಕೆಲಸ ಮಾಡಿ. ಮಾರುವವರು ಯಂತ್ರ, ಫ್ರೇಮುಗಳ ಗೋಡೆ ಎಲ್ಲ ತೋರಿಸಿದ ಮೇಲೆ, 2021ರಲ್ಲಿ ಕಾಯಲಾಗದವರನ್ನು ಹೇಗೆ ಗುರುತಿಟ್ಟುಕೊಂಡಿದ್ದಿರಿ ಅಂತ ಕೇಳಿ. ನೋಟ್‌ಬುಕ್ಕೋ, ಎಕ್ಸೆಲ್ ಶೀಟೋ, ಏನಾದರೂ ತೆಗೆದು ತೋರಿಸಿದರೆ ಬೆಲೆಯ ಮಾತು ಮುಂದುವರಿಸಿ. ರಿಸೆಪ್ಷನ್‌ನಲ್ಲಿ ಆಗ ಯಾರಿದ್ದರು, ಈಗಲೂ ಇದ್ದಾರಾ ಅನ್ನುವುದನ್ನೂ ಕೇಳಿ. ಇದ್ದರೆ ಅವರ ಜೊತೆ ಒಂದು ಕಾಫಿ ಕುಡಿಯಿರಿ, ಮಾಲೀಕರು ಇಲ್ಲದ ಹೊತ್ತಿನಲ್ಲಿ.