ಓದುಗರ ಪ್ರಶ್ನೆ: ಅಕ್ಷರದ ದುಂಡು ಕೆಡುವುದೇಕೆ?

ಪ್ರಶ್ನೆ: ಕಾಗದದ ಮೇಲೆ 5 ಸೆಂ.ಮೀ. ಅಗಲಕ್ಕೆ ‘ಬೆಂಗಳೂರು’ ಎಂದು ಬ್ರಶ್ ಪೆನ್ನಿನಲ್ಲಿ ಬರೆದು, ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಟ್ರೇಸ್ ಮಾಡಿದ್ದೇನೆ (ಚಿತ್ರವನ್ನು ಗೆರೆಗಳಾಗಿ ಬದಲಿಸಿದ್ದೇನೆ). ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. 2 ಅಡಿ ಬೋರ್ಡಿಗೆ ವಿನೈಲ್ (ಅಂಟಿಸುವ ಪ್ಲಾಸ್ಟಿಕ್ ಹಾಳೆ) ಕಟ್ ಮಾಡಿಸಿದರೆ ದುಂಡಗಿನ ಭಾಗವೆಲ್ಲ ಅಂಕುಡೊಂಕು. ಗೆರೆಯನ್ನು ಸರಳಗೊಳಿಸುವ ಸಿಂಪ್ಲಿಫೈ ಕೊಟ್ಟರೆ ಮೂಲೆಗಳು ಸವೆದುಹೋಗುತ್ತವೆ. ಏನು ಮಾಡಲಿ?
— ಓದುಗರೊಬ್ಬರು, ರಾಜಾಜಿನಗರ

ಉತ್ತರ: ಎನ್ ಕೀ ಒತ್ತಿ ನೋಡ್ ಟೂಲ್ (ನೋಡ್ ಎಂದರೆ ಗೆರೆಯನ್ನು ಹಿಡಿದಿಡುವ ಬಿಂದು) ತೆಗೆದುಕೊಂಡು, ‘ಬೆಂ’ ಅಕ್ಷರದ ಸೊನ್ನೆಯ ಮೇಲೆ ಕ್ಲಿಕ್ ಮಾಡಿ ನೋಡಿ. 20–30 ನೋಡ್‌ಗಳು ಒತ್ತೊತ್ತಾಗಿ ಕಂಡರೆ ದೋಷ ಅಲ್ಲಿದೆ. ಶಾಯಿಯ ಅಂಚು ನಡುಗಿದಲ್ಲೆಲ್ಲ ಟ್ರೇಸ್ ಒಂದೊಂದು ನೋಡ್ ಇಡುತ್ತದೆ. ನೋಡ್‌ನ ಎರಡು ಹ್ಯಾಂಡಲ್‌ಗಳು (ಗೆರೆಯ ಬಾಗು ತಿದ್ದುವ ಕಡ್ಡಿಗಳು) ಒಂದೇ ಗೆರೆಯಲ್ಲಿ ಇರದಿದ್ದರೆ ಅಲ್ಲೊಂದು ಸಣ್ಣ ಮೂಲೆ ಹುಟ್ಟುತ್ತದೆ. ನೀವು ಹಿಗ್ಗಿಸಿರುವುದು ಸುಮಾರು 12 ಪಟ್ಟು. ಕಣ್ಣಿಗೆ ಬೀಳದ 0.1 ಮಿ.ಮೀ. ಉಬ್ಬು ಬೋರ್ಡಿನಲ್ಲಿ 1.2 ಮಿ.ಮೀ. ಆಗುತ್ತದೆ.

ಸೊನ್ನೆಗೆ ಹೊರಗೆ ನಾಲ್ಕು, ಒಳಗೆ ನಾಲ್ಕು ನೋಡ್ ಸಾಕು: ತೀರಾ ಮೇಲೆ, ತೀರಾ ಕೆಳಗೆ, ಎಡತುದಿ, ಬಲತುದಿ. ಆ ಜಾಗದಲ್ಲಿ ನೋಡ್ ಇಲ್ಲದಿದ್ದರೆ ಗೆರೆಯ ಮೇಲೆ ಡಬಲ್ ಕ್ಲಿಕ್ ಮಾಡಿ ಸೇರಿಸಿ. ಬಳಿಕ ನಡುವಿನವನ್ನೆಲ್ಲ ಆಯ್ದು ಡಿಲೀಟ್ ಮಾಡಿ. ಉಳಿದವನ್ನು ಆಯ್ದು ಶಿಫ್ಟ್ + ಎಸ್ ಒತ್ತಿದರೆ ಹ್ಯಾಂಡಲ್‌ಗಳು ಒಂದೇ ಗೆರೆಗೆ ಬರುತ್ತವೆ. ಕಂಟ್ರೋಲ್ ಹಿಡಿದು ಹ್ಯಾಂಡಲ್ ತಿರುಗಿಸಿ. ಅದು 15 ಡಿಗ್ರಿ ಲೆಕ್ಕದಲ್ಲಿ ನಿಲ್ಲುವುದರಿಂದ, ಮೇಲೆ–ಕೆಳಗಿನವನ್ನು ಅಡ್ಡಕ್ಕೂ ಎಡ–ಬಲದವನ್ನು ನೆಟ್ಟಗೂ ಕೂರಿಸುವುದು ಸುಲಭ.

ಹ್ಯಾಂಡಲ್ ಎಷ್ಟು ಉದ್ದ? ಪೂರ್ಣ ವೃತ್ತಕ್ಕೆ ತ್ರಿಜ್ಯದ 0.55 ಭಾಗ. 20 ಮಿ.ಮೀ. ತ್ರಿಜ್ಯಕ್ಕೆ 11 ಮಿ.ಮೀ. ಹೆಚ್ಚಾದರೆ ದುಂಡು ಚೌಕದತ್ತ ಉಬ್ಬುತ್ತದೆ, ಕಡಿಮೆಯಾದರೆ ನೋಡ್ ಇರುವಲ್ಲಿ ಮೂತಿ ಚೂಪಾಗುತ್ತದೆ. ಕೈಬರಹದ ಸೊನ್ನೆ ಅಚ್ಚುಕಟ್ಟು ವೃತ್ತವಾಗಬೇಕಿಲ್ಲ, ಆಗದಿದ್ದರೇ ಚೆಂದ; ಈ ಅಳತೆಯಿಂದ ಶುರುಮಾಡಿ ಕಣ್ಣಳತೆಗೆ ತಿದ್ದಿಕೊಳ್ಳಿ.

ಇನ್ನು ಮೂಲೆಗಳ ವಿಚಾರ. ಸಿಂಪ್ಲಿಫೈಗೆ ಕೈನಡುಕವೂ ಒಂದೇ, ನೀವು ಬೇಕೆಂದೇ ಬರೆದ ಮೂಲೆಯೂ ಒಂದೇ. ಅದರ ಕೀ ಕಂಟ್ರೋಲ್ + ಎಲ್ ಬೇಗಬೇಗ ಒತ್ತುತ್ತಾ ಹೋದರೆ ಪ್ರತಿಸಲವೂ ಇನ್ನಷ್ಟು ಜೋರಾಗಿ ಸವರುತ್ತದೆ. ಒಂದೇ ಸಲ ಒತ್ತಿ, ಮಿಕ್ಕಿದ್ದನ್ನು ಕೈಯಿಂದ ಮಾಡಿ. ‘ರ’ ಅಕ್ಷರದಲ್ಲಿ ತಲೆಕಟ್ಟು ಮೈಗೆ ಕೂಡುವ ಕಡೆ ನೋಡ್ ಆಯ್ದು ಶಿಫ್ಟ್ + ಸಿ ಒತ್ತಿದರೆ ಹ್ಯಾಂಡಲ್‌ಗಳು ಬೇರೆಬೇರೆಯಾಗಿ, ಮೂಲೆಯನ್ನು ಮತ್ತೆ ತೀಡಬಹುದು.

ಸಮಯವಿದ್ದರೆ ಪದವನ್ನು 20 ಸೆಂ.ಮೀ. ಅಗಲಕ್ಕೆ ಮತ್ತೆ ಬರೆದು 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕಿ) ಸ್ಕ್ಯಾನ್ ಮಾಡಿ. ಆಗ ಹಿಗ್ಗುವುದು ಮೂರೇ ಪಟ್ಟು, ತಿದ್ದುವ ಕೆಲಸವೂ ಬಹಳ ಕಡಿಮೆ.

ಪ್ರಶ್ನೆ: ಟೈಪ್ ಮಾಡಿದ ಕನ್ನಡವನ್ನು ಪಾತ್ (ಗೆರೆಗಳ ಆಕಾರ) ಮಾಡಿ ವಿನೈಲ್ ಕತ್ತರಿಸುವ ಪ್ಲಾಟರ್ ಯಂತ್ರಕ್ಕೆ ಕೊಟ್ಟರೆ, ಅಕ್ಷರಕ್ಕೆ ಕೊಂಬು, ಒತ್ತು ಕೂಡುವಲ್ಲೆಲ್ಲ ಬ್ಲೇಡು ಅಡ್ಡ ಕತ್ತರಿಸುತ್ತದೆ. ಏಕೆ?
— ಓದುಗರೊಬ್ಬರು, ಬಸವನಗುಡಿ

ಉತ್ತರ: ಬಹಳಷ್ಟು ಫಾಂಟ್‌ಗಳಲ್ಲಿ ಅವು ಬೇರೆ ಆಕಾರಗಳಾಗಿದ್ದು, ಒಂದರ ಮೇಲೊಂದು ಏರಿ ಕೂತಿರುತ್ತವೆ. ಬಣ್ಣ ತುಂಬಿದಾಗ ಗೊತ್ತಾಗುವುದಿಲ್ಲ, ಬ್ಲೇಡು ಮಾತ್ರ ಪ್ರತಿ ಗೆರೆಯನ್ನೂ ಕೊಯ್ಯುತ್ತದೆ. ಆಬ್ಜೆಕ್ಟ್ ಟು ಪಾತ್ ಆದಮೇಲೆ ಅನ್‌ಗ್ರೂಪ್ ಮಾಡಿ, ಎಲ್ಲವನ್ನೂ ಆಯ್ದು ಪಾತ್ ಮೆನುವಿನಲ್ಲಿ ಯೂನಿಯನ್ ಕೊಡಿ, ಎಲ್ಲವೂ ಬೆಸೆದು ಒಂದಾಗುತ್ತದೆ. ಕಂಬೈನ್ ಬೇಡ, ಅದರಲ್ಲಿ ಒಳಗೆರೆಗಳು ಹಾಗೇ ಉಳಿಯುತ್ತವೆ. ಆಮೇಲೆ ಅಕ್ಷರ ತಿದ್ದಲಾಗದು; ಮೂಲ ಪಠ್ಯದ ಪ್ರತಿಯೊಂದನ್ನು ಮೊದಲೇ ಎತ್ತಿಡಿ. ಕಳಿಸುವ ಮುಂಚೆ ವ್ಯೂ ಮೆನುವಿನಲ್ಲಿ ಔಟ್‌ಲೈನ್ ನೋಟಕ್ಕೆ ಹೋಗಿ. ಅಲ್ಲಿ ಕಾಣುವ ಗೆರೆಗಳೇ ಬ್ಲೇಡಿನ ದಾರಿ.